ಗಂಡು ಬಳ್ಳಿ

ಬೇಸಿಗೆ ಬಂತೆಂದರೆ ಟೀಚರಮ್ಮನಿಗೆ ಗಂಡನ ಮುಖ ನೋಡಲು ಆಗುತ್ತಿರಲಿಲ್ಲ. ಉಳಿದ ಕಾಲದಲ್ಲಿ ಆ ಮುಖವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು ಎಂದೇನಲ್ಲ. ಆಗ ಅದು ಗೋಡೆಗೆ ಹೊಡೆದ ಮೊಳೆಯ ಹಾಗೆ ತನ್ನ ಪಾಡಿಗೆ ತಾನಿರುತ್ತಿತ್ತು, ಇವಳೂ ತನ್ನ ಪಾಡಿಗೆ ಇರುತ್ತಿದ್ದಳು. ಬೇಸಿಗೆಯಲ್ಲಿ ಮಾತ್ರ ಅದಕ್ಕೆ ಕಳೆ ಬರುತ್ತಿತ್ತು. ಕೂದಲಿಗೆ ಕಪ್ಪು ಬರುತ್ತಿತ್ತು. ಕಪಾಟಿನ ಮೇಲಿಂದ ಹುಲ್ಲಿನ ಟೋಪಿ ಇಳಿಯುತ್ತಿತ್ತು. ಮೈತುಂಬ ಜೇಬಿರುವ ಖಾಕಿ ಅಂಗಿ ಇಸ್ತ್ರಿಗೆ ಹೋಗುತ್ತಿತ್ತು; ಅಷ್ಟು ಜೇಬುಗಳಲ್ಲಿ ಒಂದರಲ್ಲಿ ಬಾಚಣಿಗೆ, ಉಳಿದವೆಲ್ಲ ಖಾಲಿ.

ಅವರು ಊರಿನ ಸಸ್ಯೋದ್ಯಾನದಲ್ಲಿ ಹಿರಿಯ ಸಂಶೋಧಕರು. ಎಲ್ಲರ ಬಾಯಲ್ಲೂ ಡಾಕ್ಟರು. ಬೀದಿಗೆ ಹೊಸದಾಗಿ ಬಂದವರು ಯಾರಾದರೂ ಕೆಮ್ಮು, ನೆಗಡಿ ಎಂದು ಬಾಗಿಲು ತಟ್ಟಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ನಾನು ಗಿಡದ ಡಾಕ್ಟರು ಕಣ್ರೀ" ಎನ್ನುತ್ತಿದ್ದರು. ಅದೇ ಜನ ಮಾರನೆಯ ವಾರ ಒಣಗಿದ ಗುಲಾಬಿಯ ಕುಂಡ ಹೊತ್ತು ತಂದರೆ, "ನಾನು ಸಂಶೋಧಕ, ಮಾಲಿಯಲ್ಲ" ಎನ್ನುತ್ತಿದ್ದರು. ಮನುಷ್ಯರಿಗೂ ಆಗದ, ಗಿಡಕ್ಕೂ ಆಗದ ಡಾಕ್ಟರು ಎಂದು ಟೀಚರಮ್ಮ ಎಂದೋ ತೀರ್ಮಾನಿಸಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಹೇಳುವುದಕ್ಕೂ ಒಂದು ಮಟ್ಟದ ಗೌರವ ಬೇಕಾಗುತ್ತದೆ.

ಬೇಸಿಗೆಯಲ್ಲಿ ಆ ಉದ್ಯಾನಕ್ಕೆ ಕಾಲೇಜು ಹುಡುಗ ಹುಡುಗಿಯರು ಬರುತ್ತಿದ್ದರು. ಎರಡು ತಿಂಗಳು ಒಬ್ಬೊಬ್ಬ ಸಂಶೋಧಕರ ಕೈಕೆಳಗೆ ಇದ್ದು ಸಂಶೋಧನೆ ಎಂದರೇನು ಎಂದು ಕಲಿಯುವುದು, ಕಡೆಯ ದಿನ ವೇದಿಕೆ ಹತ್ತಿ ತಾವು ಕಂಡದ್ದನ್ನು ಹೇಳುವುದು, ಒಂದು ಸರ್ಟಿಫಿಕೇಟು ಪಡೆದು ಮನೆಗೆ ಹೋಗುವುದು. ಇಂಟರ್ನ್‌ಶಿಪ್ ಎಂದು ಅದರ ಹೆಸರು. ಡಾಕ್ಟರು ಮಾತ್ರ ಆ ಮಕ್ಕಳನ್ನು "ನನ್ನ ಮಕ್ಕಳು" ಎನ್ನುತ್ತಿದ್ದರು. ಹೆತ್ತ ಮಗಳು ಯಾವ ಕ್ಲಾಸು ಎಂದು ಯಾರಾದರೂ ಕೇಳಿದರೆ ಹೆಂಡತಿಯ ಮುಖ ನೋಡುತ್ತಿದ್ದ ಮನುಷ್ಯ! ಆ ಮಗಳು ಬುದ್ಧಿವಂತೆ. ಮನೆಯಲ್ಲಿ ಗಿಡದ ಸುದ್ದಿ ಕೇಳಿ ಕೇಳಿ ಕಿವಿ ತೂತಾಗಿ, ಲೆಕ್ಕಪತ್ರದ ಓದು ಹಿಡಿದು ಹಾಸ್ಟೆಲ್ ಸೇರಿಕೊಂಡಿದ್ದಳು.

ಮಕ್ಕಳು ಬಂದ ಮೊದಲ ಶನಿವಾರ ಸಂಜೆ ಡಾಕ್ಟರ ಮನೆಯಲ್ಲಿ ಊಟ. ಕರೆಯುವವರು ಅವರು, ಬೇಯಿಸುವವಳು ಇವಳು. ಟೀಚರಮ್ಮ ಹುಡುಗಿಯರ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದಳು. ಅರ್ಧ ಬೇಸಿಗೆ ಉತ್ತರಪತ್ರಿಕೆ ತಿದ್ದುವುದರಲ್ಲೇ ಹೋಗುತ್ತಿತ್ತು. ಆ ಕಟ್ಟುಗಳನ್ನು ಊಟದ ಮೇಜಿನಿಂದ ಎತ್ತಿ ಮಂಚದ ಮೇಲೆ ಹಾಕಿ, ಮಂಚದಿಂದ ಎತ್ತಿ ಕಪಾಟಿನೊಳಗೆ ತುರುಕಿ, ಒಂದು ರಾಶಿ ಆಲೂಗಡ್ಡೆ ಸುಲಿದು ಆಕೆ ನಿಟ್ಟುಸಿರು ಬಿಡುವ ಹೊತ್ತಿಗೆ ಡಾಕ್ಟರು ಟೋಪಿ ಸಮೇತ ಬಂದು ನಿಲ್ಲುತ್ತಿದ್ದರು. ಮನೆಯೊಳಗೆ ಟೋಪಿ! ಆಮೇಲೆ ಭಾಷಣ. ಸಂಶೋಧನೆ ಅಂದರೆ ತಪಸ್ಸು, ಪ್ರಕೃತಿ ಅಂದರೆ ತಾಯಿ, ತಾವಂದರೆ ಏನೂ ಅಲ್ಲ, ಬರೀ ಒಬ್ಬ ವಿದ್ಯಾರ್ಥಿ. ಈ ಕಡೆಯ ಮಾತಿಗೆ ಮಕ್ಕಳೆಲ್ಲ "ಅಯ್ಯೋ ಇಲ್ಲ ಸರ್" ಎನ್ನಬೇಕು. ಎನ್ನುವ ತನಕ ಡಾಕ್ಟರು ಕಾಯುತ್ತಿದ್ದರು.

ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು ಯಾರ ತಟ್ಟೆಗೆ ಎಷ್ಟು ಬಿತ್ತು ಎಂದು ನೋಡುತ್ತಿದ್ದಳು. ಕಿವಿ ಮಂದ, ಕಣ್ಣು ಚುರುಕು. "ಏನು ಕಲಿಯೋಕೆ ಬಂದಿದಾವೆ ಇವು?" ಎಂದು ಪ್ರತಿ ವರ್ಷ ಕೇಳುತ್ತಿದ್ದಳು.

"ಸಂಶೋಧನೆ, ಅತ್ತೆ."

"ಎಲೆ ಎಣಿಸೋಕೆ ಕಾಲೇಜು ಯಾಕೆ ಬೇಕು? ಮೇಕೆ ಎಣಿಸಲ್ವಾ?"

ಆ ಮನೆಯಲ್ಲಿ ತನ್ನ ಮನಸ್ಸಿನ ಮಾತನ್ನು ಆಡುವವರು ಅತ್ತೆಯೊಬ್ಬಳೇ ಎಂದು ಟೀಚರಮ್ಮನಿಗೆ ಅನ್ನಿಸುತ್ತಿತ್ತು.

ಅವಳಿಗೆ ಈ ಊಟದ ಮೇಲಿನ ತಾತ್ಸಾರ ಸುಮ್ಮನೆ ಹುಟ್ಟಿದ್ದಲ್ಲ. ಇಂಥದೇ ಒಂದು ಬೇಸಿಗೆಯಲ್ಲಿ, ಉದ್ಯಾನದಲ್ಲಿ ಈ ಏರ್ಪಾಡು ಮೊತ್ತಮೊದಲು ಶುರುವಾದಾಗ, ಅವಳೂ ಚೀಲ ಹೆಗಲಿಗೇರಿಸಿಕೊಂಡು ಗೇಟಿನೊಳಗೆ ಬಂದಿದ್ದಳು. ಡಾಕ್ಟರು ಆಗಿನ್ನೂ ಡಾಕ್ಟರಾಗಿರಲಿಲ್ಲ. ಹುಲ್ಲುಗಳ ಮೇಲೆ ಒಂದು ಪುಸ್ತಕ ಬರೆಯಬೇಕೆಂದು ಓಡಾಡುತ್ತಿದ್ದ ತರುಣ. ಹುಲ್ಲೆಂದರೆ ನಮಗೆಲ್ಲ ಹುಲ್ಲು. ಆದರೆ ಒಂದು ಹುಲ್ಲಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅಕ್ಕಿಕಾಳಿಗಿಂತ ಸಣ್ಣ ಹೂವಿನಲ್ಲಿರುತ್ತದೆ. ಅದನ್ನು ಸೂಜಿಯಲ್ಲಿ ಬಿಡಿಸಿ, ಮಸೂರದಡಿ ಇಟ್ಟು, ಕೂದಲೆಳೆಯಷ್ಟು ಸಣ್ಣ ಗೆರೆಯಲ್ಲಿ ಬರೆಯಬೇಕು. ಅವಳ ಕೈ ಅದಕ್ಕೆಂದೇ ಮಾಡಿಸಿದಂತಿತ್ತು. ಬರೆಯುತ್ತ ಬರೆಯುತ್ತ, ಒಂದೇ ಜಾತಿ ಎಂದು ಅವನು ಕಟ್ಟಿಟ್ಟಿದ್ದ ಕಂತೆಯಲ್ಲಿ ಎರಡು ಜಾತಿಗಳಿವೆ ಎಂದು ತೋರಿಸಿಕೊಟ್ಟವಳೂ ಅವಳೇ. ಅವನು ಕಣ್ಣರಳಿಸಿ, "ನಿನ್ನಂಥ ಕಣ್ಣು ನಾನು ನೋಡಿಲ್ಲ" ಎಂದಿದ್ದ. ಇಪ್ಪತ್ತು ದಾಟದ ಹುಡುಗಿ, ತನ್ನ ಕಣ್ಣು ಚೆಂದ ಅನ್ನುತ್ತಿದ್ದಾನೆ ಎಂದುಕೊಂಡಳು. ಪುಸ್ತಕ ಅಚ್ಚಾಗುವ ಹೊತ್ತಿಗೆ ಮದುವೆಯೂ ಆಗಿತ್ತು. ಮುಖಪುಟದಲ್ಲಿ ಅವನ ಹೆಸರು. ಚಿತ್ರಗಳ ಕೆಳಗೆ ಯಾರ ಹೆಸರೂ ಇಲ್ಲ. ಮುನ್ನುಡಿಯ ಕೊನೆಯಲ್ಲಿ ಒಂದು ಸಾಲು: "ತಾಳ್ಮೆಯಿಂದ ಸಹಕರಿಸಿದ ನನ್ನ ಪತ್ನಿಗೆ."

ಕೈ ಕೆಸರಾದದ್ದು ಒಬ್ಬರದು, ಬಾಯಿ ಮೊಸರಾದದ್ದು ಇನ್ನೊಬ್ಬರದು. ಆ ಪುಸ್ತಕವೇ ಅವನನ್ನು ಡಾಕ್ಟರು ಮಾಡಿದ್ದು. ಅವಳು ಆಗ ಜಗಳವಾಡಲಿಲ್ಲ. ಗಂಡ ಹೆಂಡತಿಯಲ್ಲಿ ನಿನ್ನದು ನನ್ನದು ಏನು ಎಂದು ಅವನೂ ಅಂದ, ಅವಳ ತಾಯಿಯೂ ಅಂದಳು, ಅವಳೂ ಒಂದಷ್ಟು ವರ್ಷ ಅಂದುಕೊಂಡಳು. ಆಮೇಲೆ ಪ್ರತಿ ಬೇಸಿಗೆಯೂ ಹೊಸ ಹೊಸ ಮಕ್ಕಳು ಬಂದು, ಅವರು ಅಳೆದದ್ದು, ತೂಗಿದ್ದು, ಕಂಡದ್ದು ಎಲ್ಲ ಮಳೆಗಾಲದ ಹೊತ್ತಿಗೆ ಡಾಕ್ಟರ ಲೇಖನವಾಗಿ ಹೊರಬರುವುದನ್ನು ನೋಡುತ್ತ ನೋಡುತ್ತ ಅವಳಿಗೆ ಪ್ರೀತಿ ಹೋಯಿತು. ನಂತರ ಸಿಟ್ಟೂ ಹೋಯಿತು. ಉಳಿದದ್ದು ತಾತ್ಸಾರ. ಅದು ಮಾತ್ರ ಕೆಡದ ಸರಕು, ಇಟ್ಟಷ್ಟೂ ಗಟ್ಟಿಯಾಗುತ್ತದೆ.

ಆ ವರ್ಷ ಹಾಸ್ಟೆಲಿನ ಒಂದು ಭಾಗದ ಚಾವಣಿ ರಿಪೇರಿಗೆ ಬಂದಿತ್ತು. ಜಾಗ ಸಾಲದೆ ಡಾಕ್ಟರು ಒಬ್ಬ ಹುಡುಗಿಯನ್ನು ಮನೆಗೇ ಕರೆತಂದರು. "ನಮ್ಮ ಮಗಳ ಕೋಣೆ ಖಾಲಿ ಇದೆಯಲ್ಲ" ಎಂದರು, ದೊಡ್ಡ ಮನಸ್ಸಿನವರ ಹಾಗೆ. ಹಾಸಿಗೆ ಹಾಸುವವಳು ಯಾರು ಎಂದು ಹೇಳಲಿಲ್ಲ.

ಹುಡುಗಿ ಬೇರೆ ಊರಿನವಳು, ಬಸ್ ಡ್ರೈವರೊಬ್ಬನ ಮಗಳು. ಮೈಮೇಲೆ ಮಾಂಸವೇ ಇಲ್ಲ. ಅತ್ತೆ ಬಾಗಿಲಲ್ಲೇ ನೋಡಿ "ಕಡ್ಡಿ" ಎಂದಳು, ಹೆಸರು ಅಂಟಿಕೊಂಡಿತು. ಕಡ್ಡಿ ಕಡ್ಡಿಯಂತಿದ್ದರೂ ಊಟಕ್ಕೆ ಕೂತರೆ ಇಬ್ಬರದು ತಿನ್ನುತ್ತಿದ್ದಳು. "ಎಲ್ಲಿಗೆ ಹೋಗುತ್ತೋ ಅದೆಲ್ಲ" ಎಂದು ಅತ್ತೆ ಬೆರಗಾಗುತ್ತಿದ್ದಳು.

ಟೀಚರಮ್ಮನಿಗೆ ಮೊದಮೊದಲು ಕಡ್ಡಿಯ ಮೇಲೂ ಅಷ್ಟಕ್ಕಷ್ಟೇ. ಯಾಕೆಂದರೆ ಆ ಹುಡುಗಿ ಡಾಕ್ಟರ ಮಾತನ್ನು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. "ಸರ್ ಎಷ್ಟು ಓದಿದಾರೆ ಅಲ್ವಾ ಮೇಡಂ?" ಎಂದು ಪಾತ್ರೆ ಒರೆಸುತ್ತ ಕೇಳಿದಳು ಒಂದು ದಿನ.

"ಹೂಂ. ಪೇಪರು ಮೊದಲ ಪುಟದಿಂದ ಕಡೇ ಪುಟದವರೆಗೂ ಓದ್ತಾರೆ."

ಕಡ್ಡಿಗೆ ಅದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ಎಳೆ ಹುಡುಗಿ, ಇವಳಿಗೆ ಬೆಣ್ಣೆ ಯಾವುದು ಸುಣ್ಣ ಯಾವುದು ತಿಳಿಯಲು ಇನ್ನೂ ಕಾಲವಿದೆ ಎಂದು ಟೀಚರಮ್ಮ ಮೂಗು ಮುರಿದುಕೊಂಡಳು.

ಉದ್ಯಾನದ ಗಾಜಿನಮನೆಯಲ್ಲಿ ಒಂದು ಹಳೆಯ ಬಳ್ಳಿಯಿತ್ತು. ಚಾವಣಿಯ ತನಕ ಹಬ್ಬಿ, ಪ್ರತಿ ಬೇಸಿಗೆ ಹಳದಿ ಗೊಂಚಲು ಬಿಟ್ಟು, ಒಂದು ಕಾಯಿಯನ್ನೂ ಬಿಡದೆ ಎಲ್ಲವನ್ನೂ ಉದುರಿಸಿಬಿಡುತ್ತಿತ್ತು. ಕಂಡವರು ಯಾರೂ ಇಲ್ಲದ ಅದರ ಹಣ್ಣಿನ ಬಗ್ಗೆ ಡಾಕ್ಟರು ಎರಡು ಲೇಖನ ಬರೆದಿದ್ದರು. ಒಂದರಲ್ಲಿ ಮಣ್ಣು ಸರಿಯಿಲ್ಲ ಎಂದಿದ್ದರು, ಇನ್ನೊಂದರಲ್ಲಿ ಗಾಜು ಸರಿಯಿಲ್ಲ ಎಂದಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕು. ಕಡ್ಡಿಗೆ ಅವರು ಕೊಟ್ಟ ಕೆಲಸ, ಬಳ್ಳಿಯ ಕೆಳಗೆ ಕೂತು ಉದುರಿದ ಹೂ ಗುಡಿಸಿ ತೂಕ ಮಾಡುವುದು.

ಕಡ್ಡಿ ಗುಡಿಸಿದಳು, ತೂಗಿದಳು. ತೂಗುವ ಮುಂಚೆ ಒಂದೊಂದನ್ನೇ ಸೀಳಿಯೂ ನೋಡಿದಳು. ಯಾವ ಹೂವಿನೊಳಗೂ ಕಾಯಿಯಾಗಬೇಕಾದ ಭಾಗವೇ ಇರಲಿಲ್ಲ. ಎಲ್ಲ ಗಂಡು ಹೂ. ಬಳ್ಳಿಗೆ ಬಳ್ಳಿಯೇ ಗಂಡು. ಗಂಡು ಬಳ್ಳಿ ಕಾಯಿ ಬಿಡಲಿಲ್ಲ ಎಂದು ಮಣ್ಣನ್ನು ಬೈದರೆ ಏನು ಪ್ರಯೋಜನ? ಹಾಗಾದರೆ ಹೆಣ್ಣು ಎಲ್ಲಿ? ಹುಡುಗಿ ಊಟದ ಬಿಡುವಿನಲ್ಲಿ ಉದ್ಯಾನವನ್ನೆಲ್ಲ ಸುತ್ತತೊಡಗಿದಳು. ಕೊನೆಗೆ ಗೊಬ್ಬರದ ಗುಂಡಿಯ ಪಕ್ಕ, ಮುರಿದ ಕುಂಡಗಳನ್ನು ಎಸೆಯುವ ಬೇಲಿಯ ಮೇಲೆ, ಬೇರೆ ಯಾವುದೋ ಗಿಡದ ಹೆಸರು ನೇತುಹಾಕಿಸಿಕೊಂಡ ಒಂದು ಬಡಕಲು ಬಳ್ಳಿ ಸಿಕ್ಕಿತು. ಎಲೆ ಸ್ವಲ್ಪ ಕಿರಿದು, ಹೂ ಹಸಿರು. ಸೀಳಿ ನೋಡಿದರೆ ಒಳಗೆ ಪುಟ್ಟ ಕಾಯಿ; ಅದೇ ಬಳ್ಳಿಯ ಹೆಣ್ಣು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸುಮ್ಮನೆ ಬಂದಿದೆಯೆ?

ಆ ಸಂಜೆ ಕಡ್ಡಿ ಅಡುಗೆಮನೆಗೆ ಓಡಿಬಂದು, ಉಸಿರು ತಿರುಗಿಸಿಕೊಳ್ಳದೆ ಎಲ್ಲವನ್ನೂ ಹೇಳಿದಳು. ಟೀಚರಮ್ಮ ಸುಲಿಯುತ್ತಿದ್ದ ಈರುಳ್ಳಿ ಕೆಳಗಿಟ್ಟಳು. ಬಹಳ ವರ್ಷಗಳ ಮೇಲೆ ಅವಳ ಎದೆಯೊಳಗೆ ಏನೋ ಕುಣಿದಂತಾಯಿತು.

"ಹೂ ತಂದಿದೀಯಾ?"

ಕಡ್ಡಿ ಕರ್ಚೀಫು ಬಿಚ್ಚಿದಳು. ಇಬ್ಬರೂ ಅಡುಗೆ ಕಟ್ಟೆಯ ಮೇಲೆ ತಲೆಗೆ ತಲೆ ತಾಗಿಸಿ ನೋಡಿದರು. ಅತ್ತೆ ಬಂದು, "ಅನ್ನ ಸೀದುಹೋಯ್ತು, ಇವರು ಹೂ ನೋಡ್ತಾ ಕೂತಿದಾರೆ" ಎಂದು ಒಲೆ ಆರಿಸಿದಳು.

ಮುಂದಿನ ದಿನಗಳಲ್ಲಿ ಕಡ್ಡಿ ಕಂಡುಕೊಂಡದ್ದು ಇಷ್ಟು: ಗಂಡು ಹೂ ಪರಾಗ ಬಿಡುವುದು ಬಿಸಿಲು ಏರಿದ ಮೇಲೆ, ಮಧ್ಯಾಹ್ನ. ಹೆಣ್ಣು ಹೂವಿನ ತುದಿ ಅಂಟಂಟಾಗಿ ಮಿನುಗುವುದು ಬೆಳಗಿನ ಜಾವ ಸ್ವಲ್ಪ ಹೊತ್ತು ಮಾತ್ರ. ಒಂದು ಬಂದಾಗ ಇನ್ನೊಂದಿಲ್ಲ. ಹಾಗಾಗಿ ಮಧ್ಯಾಹ್ನ ಪರಾಗವನ್ನು ಕಾಗದದ ಪೊಟ್ಟಣಕ್ಕೆ ಉದುರಿಸಿಕೊಂಡು, ಟೀಚರಮ್ಮನ ಫ್ರಿಜ್ಜಿನಲ್ಲಿ ಮೊಟ್ಟೆಯ ಪಕ್ಕ ಇಟ್ಟು, ಮಾರನೆಯ ಬೆಳಗ್ಗೆ ಎದ್ದು ಹೋಗಿ, ಸಣ್ಣ ಬ್ರಷ್ಷಿನಿಂದ ಹೆಣ್ಣು ಹೂವಿಗೆ ಸವರಿ ಬರುತ್ತಿದ್ದಳು. ಡಾಕ್ಟರು ಆ ಹೊತ್ತಿಗೆ ಮಗ್ಗುಲು ಬದಲಾಯಿಸುತ್ತಿದ್ದರು. ಅವರಿಗೆ ಕಡ್ಡಿ ಎಲ್ಲವನ್ನೂ ಹೇಳಿದ್ದಳು. "ಗುಡ್, ಗುಡ್, ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದಿದ್ದರು, ಪೇಪರಿನಿಂದ ಕಣ್ಣೆತ್ತದೆ.

ಕಾಯಿ ಕಚ್ಚಿತು. ಕಿತ್ತಳೆ ಬಣ್ಣಕ್ಕೆ ತಿರುಗಿ, ಮುಷ್ಟಿ ಗಾತ್ರವಾಯಿತು. ಈಗ ಡಾಕ್ಟರು ಪೇಪರಿನಿಂದ ಕಣ್ಣೆತ್ತಿದರು. ಪೇಪರಿನವರನ್ನೇ ಕರೆಸಿದರು. ಉದ್ಯಾನದ ದೊಡ್ಡ ಸಾಹೇಬರು ಬಂದರು, ಫೋಟೋದವನು ಬಂದ. ಗೊಬ್ಬರದ ಗುಂಡಿಯ ಪಕ್ಕ ವಾಸನೆ ಎಂದು ಹಣ್ಣನ್ನು ಕೊಯ್ದು ಗಾಜಿನಮನೆಗೆ ತಂದು, ಗಂಡು ಬಳ್ಳಿಯ ಕೆಳಗೆ ನಿಂತು, ಟೋಪಿ ಹಾಕಿಕೊಂಡು, ಆಗತಾನೆ ಹುಟ್ಟಿದ ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದು ಡಾಕ್ಟರು ಫೋಟೋ ತೆಗೆಸಿಕೊಂಡರು. ಬೆಳಗ್ಗೆ ಪೇಪರಿನಲ್ಲಿ ಬಂತು. "ಹಿರಿಯ ಸಂಶೋಧಕರ ದಶಕಗಳ ಶ್ರಮಕ್ಕೆ ಫಲ." ಕಡ್ಡಿಯ ಹೆಸರು ಎಲ್ಲೂ ಇಲ್ಲ. ಫೋಟೋದ ಅಂಚಿನಲ್ಲಿ ಅವಳ ಮೊಣಕೈ ಮಾತ್ರ ಬಿದ್ದಿತ್ತು.

ಅತ್ತೆ ಪೇಪರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ಹೆತ್ತವಳು ಯಾರೋ, ಎತ್ತಿಕೊಂಡು ಮೆರೆಯೋನು ಇವನು. ಇವರಪ್ಪನೂ ಹೀಗೇ" ಎಂದು ಮಡಚಿಟ್ಟಳು.

ಕಡ್ಡಿಯೂ ಪೇಪರು ನೋಡಿದಳು. ಸಂಜೆ ಪಾತ್ರೆ ಒರೆಸುವಾಗ ಒಂದು ತಟ್ಟೆಯನ್ನು ಒರೆಸಿದ್ದೇ ಒರೆಸಿದ್ದು. ಟೀಚರಮ್ಮ ಆ ತಟ್ಟೆಯನ್ನು ಕೈಯಿಂದ ತೆಗೆದುಕೊಂಡಾಗ ಹುಡುಗಿಗೆ ಅಳು ಒತ್ತರಿಸಿ ಬಂತು.

"ನಾನು ದಿನಾ ಹೇಳಿದ್ದೆ ಮೇಡಂ. ಎಲ್ಲಾ ಹೇಳಿದ್ದೆ. ಅವರಿಗೆ ಗೊತ್ತು ಇದು ನಾನು ಮಾಡಿದ್ದು ಅಂತ."

"ಗೊತ್ತಿರೋದ್ರಿಂದ್ಲೇ ಕಣೇ ಆ ಫೋಟೋ."

"ಲೇಖನದಲ್ಲಾದ್ರೂ ನನ್ನ ಹೆಸರು ಹಾಕ್ತಾರಾ?"

"ಹಾಕ್ತಾರೆ. ಕಡೇಲಿ. ತಾಳ್ಮೆಯಿಂದ ಸಹಕರಿಸಿದ್ದಕ್ಕೆ."

ಆಮೇಲೆ ಟೀಚರಮ್ಮ ಕುರ್ಚಿ ಎಳೆದುಕೊಂಡು ಕೂತು ತನ್ನ ಕಥೆ ಹೇಳಿದಳು. ಯಾರಿಗೂ ಹೇಳಿರಲಿಲ್ಲ. ಹುಲ್ಲು, ಚಿತ್ರ, ಪುಸ್ತಕ, ಮದುವೆ. ಹೇಳುತ್ತ ಹೇಳುತ್ತ ಅವಳಿಗೆ ಹುಮ್ಮಸ್ಸು ಬಂತು. "ನಾಳೆ ಬೆಳಗ್ಗೆ ಇಬ್ರೂ ದೊಡ್ಡ ಸಾಹೇಬರ ಹತ್ರ ಹೋಗೋಣ. ನಾನು ಬರ್ತೀನಿ. ಪರಾಗ ಇದ್ದದ್ದು ನನ್ನ ಫ್ರಿಜ್ಜಲ್ಲಿ. ಬೆಳಗ್ಗೆ ನೀನು ಹೋಗೋವಾಗ ಬಾಗಿಲು ಹಾಕ್ಕೊಂಡವಳು ನಾನು. ಇವರ ಗೊರಕೆಗೂ ನಾನೇ ಸಾಕ್ಷಿ. ಹೆಂಡ್ತೀನೇ ಬಂದು ಹೇಳಿದ್ರೆ ಯಾರು ಇಲ್ಲ ಅಂತಾರೆ?"

ಕಡ್ಡಿ ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು, "ಬೇಡ ಮೇಡಂ."

"ಯಾಕೆ?"

"ದೊಡ್ಡ ಯೂನಿವರ್ಸಿಟಿಗೆ ಸೇರೋಕೆ ಸರ್ ಶಿಫಾರಸು ಪತ್ರ ಬರ್ಕೊಡ್ತೀನಿ ಅಂದಿದಾರೆ. ಅಲ್ಲಿಯವರು ಸರ್‌ಗೆ ಗೊತ್ತಂತೆ. ಬೇಸಿಗೇಲಿ ನಾನು ಕಂಡ ಅತ್ಯುತ್ತಮ ವಿದ್ಯಾರ್ಥಿನಿ ಅಂತ ಬರೀತಾರಂತೆ."

"ಯಾವಾಗ ಅಂದ್ರು?"

"ಮಧ್ಯಾಹ್ನ. ಫೋಟೋ ಬಂದ್ಮೇಲೆ."

ಟೀಚರಮ್ಮನಿಗೆ ನಗು ಬಂತು. ತನ್ನ ಗಂಡ ಗಿಡದ ವಿಷಯದಲ್ಲಿ ದಡ್ಡನಾದರೂ ಮನುಷ್ಯರ ವಿಷಯದಲ್ಲಿ ಅಲ್ಲ. ಯಾವ ಹೂವಿಗೆ ಯಾವ ಹೊತ್ತಿನಲ್ಲಿ ಏನು ಸವರಬೇಕು ಎಂದು ಚೆನ್ನಾಗಿ ಬಲ್ಲ.

"ನಮ್ಮಪ್ಪ ಬಸ್ ಓಡಿಸ್ತಾರೆ ಮೇಡಂ," ಎಂದಳು ಕಡ್ಡಿ, ತಪ್ಪಿತಸ್ಥಳಂತೆ. "ನನಗೆ ಇನ್ಯಾರು ಪತ್ರ ಕೊಡ್ತಾರೆ? ಆ ಹಣ್ಣಿನ ಮೇಲೆ ನನ್ನ ಹೆಸರಿದ್ರೆ ಏನು ಸಿಗುತ್ತೆ? ಪತ್ರ ಇದ್ರೆ ಸೀಟು ಸಿಗುತ್ತೆ."

ಲೆಕ್ಕ ಸರಿಯಾಗಿಯೇ ಇತ್ತು. ಅದಕ್ಕೇ ಟೀಚರಮ್ಮನಿಗೆ ಇನ್ನಷ್ಟು ಕೆರಳಿತು. ಒಂದು ಗಳಿಗೆಯ ಹಿಂದೆ ಮಗಳ ಹಾಗೆ ಕಂಡಿದ್ದ ಹುಡುಗಿ ಈಗ ಮೂರು ಕಾಸಿಗೆ ತನ್ನನ್ನೇ ಮಾರಿಕೊಳ್ಳುವ ಚಿಲ್ಲರೆ ವ್ಯಾಪಾರಿಯಂತೆ ಕಂಡಳು. "ಹಾಗಾದ್ರೆ ಅಳೋದ್ಯಾಕೆ? ಚೌಕಾಸಿ ಮುಗೀತಲ್ಲ, ಮುಖ ತೊಳ್ಕೋ ಹೋಗು" ಎಂದಳು.

ಕಡ್ಡಿ ಎದ್ದು ಹೋದಳು. ಟೀಚರಮ್ಮ ಸಿಂಕಿನ ಮುಂದೆ ನಿಂತು ಉಳಿದ ಪಾತ್ರೆ ಉಜ್ಜಿದಳು. ಉಜ್ಜುತ್ತ, ಹುಡುಗಿಯನ್ನು ಅಂದ ಮಾತು ತನ್ನ ಕಡೆಗೇ ತಿರುಗಿತು. ಇವಳಾದರೂ ಕೊಟ್ಟದ್ದಕ್ಕೆ ಬದಲು ಏನೆಂದು ಕಣ್ಣುಬಿಟ್ಟು ಕೇಳಿ ಪಡೆದುಕೊಂಡಳು. ಶಿಫಾರಸು ಪತ್ರ. ತನಗೆ ಸಿಕ್ಕಿದ್ದು ಲಗ್ನಪತ್ರಿಕೆ. ಅದೂ ಅಚ್ಚಿನ ತಪ್ಪುಗಳಿದ್ದದ್ದು. ಆ ದಿನ ಅವಳಿಗೆ ಗಂಡನಿಗಿಂತ, ಕಡ್ಡಿಗಿಂತ, ಮಸೂರ ಹಿಡಿದು ಕಣ್ಣು ಮಿಟುಕಿಸುತ್ತ ಕೂತಿದ್ದ ಆ ಹಳೆಯ ಹುಡುಗಿಯ ಮೇಲೆಯೇ ಹೆಚ್ಚು ಹೇಸಿಗೆಯಾಯಿತು.

ಕಡೆಯ ದಿನ ಕಡ್ಡಿ ವೇದಿಕೆ ಹತ್ತಿ "ಸರ್ ಮಾರ್ಗದರ್ಶನದಲ್ಲಿ" ಎಂದೇ ಶುರುಮಾಡಿ, "ಸರ್ ಮಾರ್ಗದರ್ಶನದಿಂದ" ಎಂದೇ ಮುಗಿಸಿದಳಂತೆ. ಟೀಚರಮ್ಮ ಹೋಗಿರಲಿಲ್ಲ. ಹುಡುಗಿ ಊರಿಗೆ ಹೊರಡುವಾಗ ಅವಳ ಕಾಲಿಗೆ ಬಗ್ಗಲು ಬಂದಳು. "ಅದೆಲ್ಲ ಬೇಡ, ಬಸ್ಸು ತಪ್ಪುತ್ತೆ" ಎಂದು ಟೀಚರಮ್ಮ ಬ್ರೆಡ್ಡಿನ ಪೊಟ್ಟಣವನ್ನು ಕೈಗಿಟ್ಟಳು. ಕಡ್ಡಿಗೆ ಸೀಟು ಸಿಕ್ಕಿತು ಎಂದು ಆಮೇಲೆ ತಿಳಿಯಿತು.

ಆ ಹಣ್ಣಿಗೆ ಏನಾಯಿತು ಎಂದರೆ, ಡಾಕ್ಟರು ಅದನ್ನು ಉದ್ಯಾನದ ಬಾಗಿಲ ಬಳಿ ಗಾಜಿನ ಪೆಟ್ಟಿಗೆಯಲ್ಲಿ ದೀಪ ಹಾಕಿ ಇಡಿಸಿದರು. ಬೀಜ ಒಣಗುವ ಮುಂಚೆ ಒದ್ದೆ ಮಣ್ಣಿಗೆ ಹಾಕಬೇಕು ಎಂದು ಕಡ್ಡಿ ಹೋಗುವಾಗ ಹೇಳಿದ್ದಳು. ನೋಡುವ ಜನ ಮುಗಿಯುವ ಹೊತ್ತಿಗೆ ಹಣ್ಣು ಸುಕ್ಕಾಗಿ ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುತ್ತಿತ್ತು. ಬಿತ್ತಿದ ಬೀಜದಲ್ಲಿ ಒಂದೂ ಮೊಳೆಯಲಿಲ್ಲ.

ಮಾರನೆಯ ಬೇಸಿಗೆಗೆ ಮತ್ತೆ ಹೊಸ ಮಕ್ಕಳು ಬಂದರು. ಮೊದಲ ಶನಿವಾರ ಟೀಚರಮ್ಮ ಉತ್ತರಪತ್ರಿಕೆಯ ಕಟ್ಟನ್ನು ಮೇಜಿನ ಮೇಲಿಂದ ಎತ್ತಲಿಲ್ಲ. ಆಲೂಗಡ್ಡೆಯನ್ನೂ ಸುಲಿಯಲಿಲ್ಲ.

"ಮಕ್ಕಳು ಬರ್ತಾರೆ ಇವತ್ತು" ಎಂದರು ಡಾಕ್ಟರು.

"ನಿಮ್ಮ ಮಕ್ಕಳು. ಬರ್ಲಿ."

ಡಾಕ್ಟರು ಬೇಕರಿಗೆ ಓಡಿ ಬನ್ನು, ಬಿಸ್ಕತ್ತು ತಂದರು. ಮಕ್ಕಳು ಮಂಚದ ಮೇಲೆ, ನೆಲದ ಮೇಲೆ, ಉತ್ತರಪತ್ರಿಕೆಗಳ ನಡುವೆ ಕೂತು ಬನ್ನು ತಿಂದರು. ಡಾಕ್ಟರು ಹಣ್ಣಿನ ಕಥೆ ಹೇಳಿದರು. ಒಂದು ವರ್ಷದಲ್ಲಿ ಕಥೆಯೂ ಚೆನ್ನಾಗಿ ಕಳಿತಿತ್ತು. ಈಗ ಅದರಲ್ಲಿ ಬೆಳಗಿನ ಜಾವ ಎದ್ದು ಹೋಗುತ್ತಿದ್ದವರು ಡಾಕ್ಟರೇ. "ಒಬ್ಬಳು ಹುಡುಗಿ ಇದ್ದಳು, ಪಾಪ, ಏಣಿ ಹಿಡ್ಕೊಳ್ತಿದ್ಲು" ಎಂದರು.

ಮೇಜಿನ ಬಳಿ ಕೆಂಪು ಪೆನ್ನು ಹಿಡಿದು ಕೂತಿದ್ದ ಟೀಚರಮ್ಮ ತಲೆ ಎತ್ತದೆ ಅಂದಳು, "ಏಣಿ ಹಿಡ್ಕೊಳ್ಳೋಕೂ ಎದ್ದಿರಬೇಕಲ್ಲ. ನೀವು ಮಲಗಿದ್ರಿ."

 ಬನ್ನು ಅಗಿಯುವ ಸದ್ದು ನಿಂತಿತು.

"ಏನಂದ್ಲು?" ಎಂದಳು ಅತ್ತೆ ಮೂಲೆಯಿಂದ.

"ಮಲಗಿದ್ರು ಅಂದೆ, ಅತ್ತೆ!" ಎಂದು ಟೀಚರಮ್ಮ ಕೂಗಿ ಹೇಳಿದಳು. ಆಮೇಲೆ ಮಕ್ಕಳ ಕಡೆ ತಿರುಗಿದಳು. "ನಾನು ಇಲ್ಲಿ ಮೊದಲನೇ ಬ್ಯಾಚಿನವಳು. ಒಂದೇ ಮಾತು ಹೇಳ್ತೀನಿ. ನೀವು ಏನೇ ಬರೀರಿ, ಕೆಳಗೆ ನಿಮ್ಮ ಹೆಸರು ಹಾಕಿ. ಇಂಕಲ್ಲಿ ಹಾಕಿ. ಅದರದ್ದೊಂದು ಪ್ರತಿ ನಿಮ್ಮ ಮನೆಗೆ ಕಳಿಸಿ. ಇಷ್ಟು ಕಲಿತ್ರೆ ಎರಡು ತಿಂಗಳು ದಂಡ ಆಗಲ್ಲ."

ಡಾಕ್ಟರು ಗಟ್ಟಿಯಾಗಿ ನಕ್ಕರು. "ನಮ್ಮನೆಯವಳು ಸ್ವಲ್ಪ ತಮಾಷೆ" ಎಂದರು. ಮಕ್ಕಳೂ ನಕ್ಕರು. ನಗಬೇಕೋ ಬೇಡವೋ ತಿಳಿಯದಾಗ ಜನ ನಗುವ ಹಾಗೆ. ಒಬ್ಬ ಚಷ್ಮಾದ ಹುಡುಗ ಮಾತ್ರ ನಗಲಿಲ್ಲ. ಆಮೇಲಾಮೇಲೆ ಡಾಕ್ಟರು, "ಈ ವರ್ಷದ ಬ್ಯಾಚು ಸರಿಯಿಲ್ಲ, ಎಲ್ಲಾದಕ್ಕೂ ಸಹಿ ಹಾಕ್ತಾವೆ, ಗುರುಗಳ ಮೇಲೆ ನಂಬಿಕೆನೇ ಇಲ್ಲ" ಎಂದು ಗೊಣಗುವುದು ಕೇಳಿಸಿತು.

ಆದರೆ ಅವರಿಗೆ ನಿಜವಾದ ತಲೆನೋವು ಬೇರೆಯಿತ್ತು. ದೊಡ್ಡ ಸಾಹೇಬರು ಈ ವರ್ಷವೂ ಹಣ್ಣು ಬೇಕು ಎಂದಿದ್ದರು. ಡಾಕ್ಟರು ಏಣಿ ಹಾಕಿಸಿ, ಮಕ್ಕಳನ್ನೆಲ್ಲ ಸುತ್ತ ನಿಲ್ಲಿಸಿ, ಹಾಡುಹಗಲೇ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ತಿಕ್ಕಿದರು. ಹೂ ಉದುರಿತು. ಬ್ರಷ್ಷು ಬದಲಾಯಿಸಿದರು. ಮತ್ತೂ ಉದುರಿತು. ಕಡ್ಡಿ ದಿನವೂ ಹೇಳಿದ್ದಳಲ್ಲ. ಆಗ ಇವರು ಪೇಪರು ಓದುತ್ತಿದ್ದರು. ಈಗ ಫೋನು ಮಾಡಿ ಕೇಳಲು ಮಾನ ಅಡ್ಡ ಬಂತು. ಒಂದು ಸಂಜೆ ಷೂ ಬಿಚ್ಚುತ್ತ, ಹವಾಮಾನ ಕೇಳುವವರ ಹಾಗೆ ಕೇಳಿದರು:

"ಆ ಕಡ್ಡಿ ಹೋದ ವರ್ಷ ಯಾವ ಹೊತ್ತಿಗೆ ಏನು ಮಾಡ್ತಿದ್ಲು? ನಿಂಗೇನಾದ್ರೂ ಹೇಳಿದ್ಲಾ?"

ಟೀಚರಮ್ಮ ಅವರನ್ನು ನೋಡಿದಳು. ಕೂದಲಿನ ಬುಡದಲ್ಲಿ ಬಿಳಿ ಇಣುಕುತ್ತಿತ್ತು. ಒಂದು ಮಾತು ಸಾಕಿತ್ತು. ಆ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು.

"ಏಣಿ ಹಿಡ್ಕೊಳ್ತಿದ್ಲು ಅಂತ ನೀವೇ ಹೇಳಿದ್ರಲ್ಲ" ಎಂದು ಎದ್ದು ಒಳಗೆ ಹೋದಳು.

ಆ ವರ್ಷ ಹಣ್ಣಾಗಲಿಲ್ಲ. ಇನ್ನು ಇವರು ಮುಖ ಎಲ್ಲಿಟ್ಟುಕೊಳ್ಳುತ್ತಾರೆ ನೋಡೋಣ ಎಂದು, ಬೇಸಿಗೆಯ ಕಡೆಯ ದಿನದ ಸಭೆಗೆ ಎಷ್ಟೋ ವರ್ಷಗಳ ಮೇಲೆ ಟೀಚರಮ್ಮ ಹೋದಳು. ಹಿಂದಿನ ಸಾಲಿನಲ್ಲಿ ಕೂತಳು. ಡಾಕ್ಟರು ಹೊಸ ಅಂಗಿ ತೊಟ್ಟು ವೇದಿಕೆ ಹತ್ತಿ, ಕಳೆದ ವರ್ಷ ಫಲ ಕೊಟ್ಟ ಬಳ್ಳಿ ಈ ವರ್ಷ ಬಂಜೆಯಾದದ್ದು ಯಾಕೆ ಎಂದು ಕೇಳಿದರು. ತಾವೇ ಉತ್ತರ ಕೊಟ್ಟರು: ಭೂಮಿ ಬಿಸಿಯಾಗುತ್ತಿದೆ. ಹೂವು ತನ್ನ ಹೊತ್ತನ್ನು ಮರೆಯುತ್ತಿದೆ. ಇದು ಒಂದು ಬಳ್ಳಿಯ ಕಥೆಯಲ್ಲ, ಮನುಕುಲದ ಕಥೆ. ಕೊನೆಯಲ್ಲಿ ಟೋಪಿ ತೆಗೆದು ಎದೆಗೊತ್ತಿಕೊಂಡರು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ದೊಡ್ಡ ಸಾಹೇಬರು ಕಣ್ಣೊರೆಸಿಕೊಂಡರು. ಮುಂದಿನ ವರ್ಷದಿಂದ ಇಡೀ ಬೇಸಿಗೆ ಕಾರ್ಯಕ್ರಮಕ್ಕೆ ಡಾಕ್ಟರೇ ಮುಖ್ಯಸ್ಥರು ಎಂದು ಅಲ್ಲೇ ಸಾರಿದರು.

ಪಕ್ಕದ ಹೆಂಗಸು ಟೀಚರಮ್ಮನ ಕೈ ಹಿಡಿದು, "ಪುಣ್ಯವಂತೆ ನೀವು" ಎಂದಳು.

"ಹೌದೌದು" ಎಂದಳು ಟೀಚರಮ್ಮ.

ಮನೆಗೆ ಬಂದ ಮೇಲೆ ಡಾಕ್ಟರು ಹಾರವನ್ನು ಕುರ್ಚಿಗೆ ನೇತುಹಾಕಿ ಕೇಳಿದರು, "ಹೇಗಿತ್ತು?"

"ಚೆನ್ನಾಗಿತ್ತು. ಹಣ್ಣು ಬಿಟ್ಟಿದ್ದಕ್ಕೆ ಯಾರಾದ್ರೂ ಚಪ್ಪಾಳೆ ಹೊಡೆಸ್ಕೋತಾರೆ. ಬಿಡದೇ ಇದ್ದಿದ್ದಕ್ಕೂ ಹೊಡೆಸ್ಕೊಳ್ಳೋಕೆ ನಿಮ್ಮಂಥವರೇ ಬೇಕು."

ಡಾಕ್ಟರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು. ಮುಖ ಅರಳಿತು. "ಒಂದು ಲೋಟ ಟೀ ಮಾಡು" ಎಂದರು.

"ಅಡುಗೆಮನೆ ಅಲ್ಲೇ ಇದೆ" ಎಂದು ಟೀಚರಮ್ಮ ಕನ್ನಡಕ ಹಾಕಿಕೊಂಡು ಪತ್ರಿಕೆ ತಿದ್ದಲು ಕೂತಳು.

 ಡಾಕ್ಟರು ಒಳಗೆ ಹೋದರು. ಡಬ್ಬಿಗಳ ಮುಚ್ಚಳ ಒಂದಾದ ಮೇಲೊಂದು ತೆರೆಯುವ ಸದ್ದು ಬಂತು. "ಸಕ್ಕರೆ ಎಲ್ಲಿದೆ?" ಎಂದು ಕೂಗಿದರು. ಟೀಚರಮ್ಮ ಮುಂದಿನ ಪತ್ರಿಕೆ ಎಳೆದುಕೊಂಡಳು. ಅತ್ತೆಗಂತೂ ಕೇಳಿಸಲೇ ಇಲ್ಲ.